ಪರರ ಮನೆಯ ಹಬ್ಬದ ರಜೆ: ಅತಿಥಿಯ ಅದಬ್

ಅತಿಥಿಯನ್ನು ಗೌರವಿಸುವುದು ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿಕೊಟ್ಟಿದ್ದಾರೆ. ಇದನ್ನು ಜುಮಾ ಖುತ್ಬಾಗಳಲ್ಲಿ ನಾವೆಲ್ಲ ಹಲವು ಬಾರಿ ಕೇಳಿದ್ದೇವೆ. ಬಂದವರಿಗೆ ಏನು ಬಡಿಸಬೇಕು, ಎಷ್ಟು ದಿನ ಉಳಿಸಿಕೊಳ್ಳಬೇಕು, ಬಾಗಿಲವರೆಗೆ ಹೇಗೆ ಬೀಳ್ಕೊಡಬೇಕು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅತಿಥಿಯಾಗಿ ಹೋದವರ ಹೊಣೆ ಏನು? ಅದರಲ್ಲೂ ನಮ್ಮ ದೀನ್ ಅನ್ನು ಅರಿಯದ ಮನೆಯಲ್ಲಿ, ಅವರ ಹಬ್ಬದ ದಿನವೇ ನಾವು ಅತಿಥಿಗಳಾಗಿದ್ದರೆ ಹೇಗೆ ನಡೆದುಕೊಳ್ಳಬೇಕು? ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ನಮ್ಮ ಮಗಳ ಮೂಲಕ. ಆಗ ನಾವು ಕೊಟ್ಟ ಮೊದಲ ಸಲಹೆ ತಪ್ಪಾಗಿತ್ತು. ಬೇರೆ ಹೆತ್ತವರು ಅದೇ ತಪ್ಪನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಅವಳು ಹೋದದ್ದು ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ ನಂತರ ವಿದ್ಯಾರ್ಥಿ ವಿನಿಮಯ ಯೋಜನೆಯೊಂದಕ್ಕೆ ಆಯ್ಕೆಯಾದಳು. ಶಿವಮೊಗ್ಗದ ನಮ್ಮ ಮನೆಯಿಂದ ಅಮೆರಿಕದ ಅಯೋವಾ ರಾಜ್ಯಕ್ಕೆ ಒಂದು ಶೈಕ್ಷಣಿಕ ವರ್ಷಕ್ಕೆಂದು ಹೋದಳು. ಆ ಯೋಜನೆಯ ಹೆಸರು ಕೆನಡಿ-ಲೂಗರ್ ಯೂತ್ ಎಕ್ಸ್‌ಚೇಂಜ್ ಆ್ಯಂಡ್ ಸ್ಟಡಿ. ಎಲ್ಲರೂ ಚುಟುಕಾಗಿ 'ಯೆಸ್' ಎನ್ನುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಎರಡೂ ಕಡೆ ಅನುಮಾನ ಬೆಳೆದಿದ್ದ ಸಮಯದಲ್ಲಿ, 2002ರ ಅಕ್ಟೋಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಇದನ್ನು ಆರಂಭಿಸಿತು. ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಎಂಬ ಇಬ್ಬರು ಸೆನೆಟರ್‌ಗಳ ಹೆಸರು ಇದಕ್ಕಿದೆ. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಹೈಸ್ಕೂಲು ಮಕ್ಕಳು ಅಮೆರಿಕದ ಒಂದು ಕುಟುಂಬದ ಜೊತೆ ವಾಸಿಸಿ, ಅಲ್ಲಿನ ಶಾಲೆಯಲ್ಲಿ ಕಲಿತು ಹಿಂದಿರುಗುವುದು ಇದರ ಉದ್ದೇಶ. ಆಯ್ಕೆಯಾದವರ ಖರ್ಚನ್ನು ವಿದ್ಯಾರ್ಥಿವೇತನ ಭರಿಸುತ್ತದೆ.

ಇಂಥ ವಿನಿಮಯಕ್ಕೆ ಇನ್ನೂ ಹಳೆಯ ಚರಿತ್ರೆಯಿದೆ. 1915ರಲ್ಲಿ, ಮೊದಲ ಮಹಾಯುದ್ಧದ ಸಮಯದಲ್ಲಿ, ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಹೊತ್ತು ತರಲು ಅಮೆರಿಕದ ಸ್ವಯಂಸೇವಕರು ಆಂಬುಲೆನ್ಸ್ ಓಡಿಸಿದರು. ಆ ಸಂಸ್ಥೆಯೇ ಅಮೆರಿಕನ್ ಫೀಲ್ಡ್ ಸರ್ವಿಸ್, ಅಂದರೆ ಎಎಫ್‌ಎಸ್. ಎರಡನೇ ಮಹಾಯುದ್ಧದಲ್ಲಿ ಅದರ ಚಾಲಕರು ಭಾರತ-ಬರ್ಮಾ ಗಡಿಯಲ್ಲೂ ಕೆಲಸ ಮಾಡಿದರು. ಎರಡು ಯುದ್ಧಗಳಲ್ಲಿ ಹೆಣ ಮತ್ತು ಗಾಯಾಳುಗಳನ್ನು ಕಂಡ ಆ ಜನರು, ಮಕ್ಕಳು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಬೆಳೆದರೆ ಮುಂದೆ ಹೊಡೆದಾಡುವುದು ಕಡಿಮೆಯಾದೀತು ಎಂಬ ನಂಬಿಕೆಯಿಂದ 1947ರಿಂದ ಹೈಸ್ಕೂಲು ಮಕ್ಕಳ ವಿನಿಮಯಕ್ಕೆ ಕೈಹಾಕಿದರು. ಜನಾಂಗಗಳನ್ನೂ ಗೋತ್ರಗಳನ್ನೂ ಸೃಷ್ಟಿಸಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂಬ ಸೂರಃ ಅಲ್ ಹುಜುರಾತ್‌ನ ಪಾಠವನ್ನು ಓದಿದ ನಮಗೆ ಆ ನಂಬಿಕೆ ಅಪರಿಚಿತವೇನಲ್ಲ.

ಆದರೂ ಮನೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಮಗಳ ದಾದಿ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಹೆಣ್ಣು ಮಗಳು ಮಹ್ರಮ್ ಇಲ್ಲದೆ ಇಷ್ಟು ದೂರ ಹೋಗುವುದು ಸರಿಯೇ ಎಂದು ಕೇಳಿದರು. ಈ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಪ್ರಯಾಣ ಸುರಕ್ಷಿತವಾಗಿದ್ದು ನಂಬಿಗಸ್ತರ ಗುಂಪು ಜೊತೆಗಿದ್ದರೆ ಅನುಮತಿಸುವವರಿದ್ದಾರೆ, ಅನುಮತಿಸದವರೂ ಇದ್ದಾರೆ. ನಾವು ನಮ್ಮ ಮಸೀದಿಯ ಇಮಾಮರ ಬಳಿ ಕೂತು ಮಾತಾಡಿ ನಿರ್ಧರಿಸಿದೆವು. ಪ್ರತಿ ಕುಟುಂಬವೂ ತಾನು ನಂಬುವ ಆಲಿಮರನ್ನು ಕೇಳಿಯೇ ತೀರ್ಮಾನಿಸಬೇಕು. ಗಂಡು ಮಗನಾದರೆ ಪ್ರಶ್ನೆಯೇ ಇಲ್ಲ ಎಂದು ಯಾರೂ ಭಾವಿಸಬಾರದು. ಹದಿನಾರು ವರ್ಷದ ಹುಡುಗ ದೂರದ ಮನೆಯಲ್ಲಿ ನಮಾಝ್ ಬಿಟ್ಟರೆ ಅದೂ ನಷ್ಟವೇ.

ಆತಿಥೇಯ ಕುಟುಂಬ ಎಂದರೆ ಯಾರು?

ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರು ಬಾಡಿಗೆ ಪಡೆಯುತ್ತಾರೆ ಎಂದೇ ನಾವು ತಿಳಿದಿದ್ದೆವು. ಹಾಗಲ್ಲ. ಅವರು ಹಣ ಪಡೆಯದ ಸ್ವಯಂಸೇವಕರು. ಊಟ, ಹಾಸಿಗೆ, ಓಡಾಟ ಎಲ್ಲವನ್ನೂ ತಮ್ಮ ಮನೆಯ ಖರ್ಚಿನಲ್ಲೇ ನೋಡಿಕೊಳ್ಳುತ್ತಾರೆ. ಮನೆಯಲ್ಲಿರುವ ಹದಿನೆಂಟು ವರ್ಷ ಮೀರಿದ ಪ್ರತಿಯೊಬ್ಬರ ಅಪರಾಧ ದಾಖಲೆ ಪರಿಶೀಲನೆ ಆಗಬೇಕು. ಸಂಸ್ಥೆಯವರು ಖುದ್ದಾಗಿ ಮನೆಗೆ ಹೋಗಿ ನೋಡಬೇಕು. ಮಗುವಿಗೆ ಪ್ರತ್ಯೇಕ ಮಂಚ ಇರಬೇಕು. ಕೋಣೆ ಹಂಚಿಕೊಳ್ಳುವುದಾದರೆ ಹುಡುಗಿಯ ಜೊತೆ ಹುಡುಗಿ, ಹುಡುಗನ ಜೊತೆ ಹುಡುಗ, ಅದೂ ಒಬ್ಬರೇ. ಸಂಸ್ಥೆಯ ಸ್ಥಳೀಯ ಪ್ರತಿನಿಧಿಯ ಮನೆ 120 ಮೈಲಿಗಿಂತ ದೂರ ಇರಬಾರದು ಮತ್ತು ಅವರು ತಿಂಗಳಿಗೊಮ್ಮೆಯಾದರೂ ಮಗುವನ್ನು ಸಂಪರ್ಕಿಸಬೇಕು. ಇವೆಲ್ಲ ಅಮೆರಿಕ ಸರ್ಕಾರದ ನಿಯಮಗಳು. ಮಕ್ಕಳನ್ನು ಕಳುಹಿಸುವವರು ಈ ನಿಯಮಗಳನ್ನು ಓದಿ, ಪ್ರತಿನಿಧಿಯ ಫೋನ್ ನಂಬರನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕು.

ನಮ್ಮ ಮಗಳು ಸೇರಿದ್ದು ಸೀಡರ್ ರಾಪಿಡ್ಸ್ ನಗರದ ಒಂದು ಮನೆ. ತಂದೆ, ತಾಯಿ, ಅವಳಿಗಿಂತ ಎರಡು ವರ್ಷ ಚಿಕ್ಕ ಮಗಳು. ಚರ್ಚಿಗೆ ಹೋಗುವ ಜನ. ಹಂದಿಮಾಂಸ ಮತ್ತು ಮದ್ಯ ನಮಗೆ ಹರಾಮ್ ಎಂಬುದು ಅವರಿಗೆ ಅರ್ಜಿಯಿಂದಲೇ ತಿಳಿದಿತ್ತು. ನಮಾಝಿಗೆ ತನ್ನ ಕೋಣೆ ಇತ್ತು. ಮೊದಲ ಮೂರು ತಿಂಗಳು ತೊಂದರೆ ಬರಲಿಲ್ಲ.

ಹೊರಡುವಾಗ ವಿಮಾನ ನಿಲ್ದಾಣದಲ್ಲಿ ನಾವು ಅವಳಿಗೆ ಒಂದು ಮಾತು ಹೇಳಿದ್ದೆವು. "ಬೇಡವಾದದ್ದನ್ನು ತಿನ್ನಬೇಡ. ಆದರೆ ಬಾಯಿಬಿಟ್ಟು ಏನೂ ಹೇಳಲೂ ಬೇಡ, ಯಾರಿಗೂ ಬೇಸರ ಮಾಡಬೇಡ. ಸುಮ್ಮನೆ ಹೊಂದಿಕೊಂಡು ಇರು." ನಮಗೆ ಅದು ಒಳ್ಳೆಯ ಬುದ್ಧಿಮಾತು ಎನಿಸಿತ್ತು.

ನವೆಂಬರಿನ ನಾಲ್ಕನೇ ಗುರುವಾರ

ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಕೃತಜ್ಞತೆಯ ದಿನ. 1621ರಲ್ಲಿ ಪ್ಲಿಮತ್ ಎಂಬಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಸುಗ್ಗಿಯ ಊಟ ಮಾಡಿದರು. ಅದರಲ್ಲಿ ಆ ನೆಲದ ಮೂಲನಿವಾಸಿಗಳಾದ ವಾಂಪನೊವಾಗ್ ಜನರೂ ಇದ್ದರು. ಆ ನೆನಪಿನೊಂದಿಗೆ ಈ ದಿನವನ್ನು ಜೋಡಿಸಲಾಗಿದೆ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅದನ್ನು ಇಡೀ ದೇಶಕ್ಕೆ ಘೋಷಿಸಿದರು. 1941ರಲ್ಲಿ ನಾಲ್ಕನೇ ಗುರುವಾರವೆಂದು ಕಾನೂನಾಯಿತು. ಆಮೇಲೆ ಭೂಮಿ ಕಳೆದುಕೊಂಡ ಮೂಲನಿವಾಸಿಗಳಲ್ಲಿ ಹಲವರಿಗೆ ಅದು ಸಂತೋಷದ ದಿನವಲ್ಲ. 1970ರಿಂದ ಅವರು ಪ್ಲಿಮತ್‌ನಲ್ಲಿ ಅದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಇದೂ ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿ.

ಇಂದು ಈ ದಿನ ಚರ್ಚಿನ ಹಬ್ಬಕ್ಕಿಂತ ಹೆಚ್ಚಾಗಿ ಮನೆಮಂದಿ ಒಟ್ಟು ಸೇರುವ ದಿನ. ಶಾಲೆಗಳಿಗೆ ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ರಜೆ. ನಮ್ಮಲ್ಲಿ ಈದ್‌ಗೆ ಮಕ್ಕಳೆಲ್ಲ ದಾದಿಯ ಮನೆಗೆ ಬಂದು ಸೇರುವಂತೆ ಅಲ್ಲಿ ಜನ ಅಜ್ಜಿಯ ಮನೆಗೆ ಹೊರಡುತ್ತಾರೆ. ನಮ್ಮ ಮಗಳನ್ನೂ ಕರೆದುಕೊಂಡು ಆ ಕುಟುಂಬ ಒಂದು ಗಂಟೆ ದೂರದ ಹಳ್ಳಿಯಲ್ಲಿರುವ ಅಜ್ಜಿಯ ತೋಟದ ಮನೆಗೆ ಹೋಯಿತು. ಸುತ್ತ ಕಟಾವು ಮುಗಿದ ಜೋಳದ ಹೊಲ. ಮನೆಯೊಳಗೆ ಹದಿನೆಂಟು ಜನ.

ಊಟಕ್ಕೆ ಕೂತದ್ದು ಮಧ್ಯಾಹ್ನ ಎರಡೂವರೆಗೆ. ನಡುವೆ ದೊಡ್ಡ ಟರ್ಕಿ ಕೋಳಿ, ಅದರ ಜೊತೆ ಬ್ರೆಡ್ ತುಂಡು ಮತ್ತು ಮಸಾಲೆಯ ಸ್ಟಫಿಂಗ್, ಅರೆದ ಆಲೂಗಡ್ಡೆ, ಗ್ರೇವಿ, ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜಿನಂಥ ಸಾಸ್, ಹುರುಳಿಕಾಯಿ, ಸಿಹಿ ಗೆಣಸು, ಕೊನೆಗೆ ಸಿಹಿಗುಂಬಳದ ಪೈ. ಮೊಮ್ಮಗಳ ಮನೆಗೆ ಬಂದ ಹುಡುಗಿ ಹಂದಿ ತಿನ್ನುವುದಿಲ್ಲ ಎಂದು ತಿಳಿದು ಅಜ್ಜಿ ಆ ವರ್ಷ ಮೇಜಿನ ಮೇಲೆ ಹಂದಿಯ ತೊಡೆ ಮಾಂಸ ಇಟ್ಟಿರಲಿಲ್ಲ. ಆದರೆ ಸ್ಟಫಿಂಗ್‌ನಲ್ಲಿ ಸಾಸೇಜ್ ತುಂಡುಗಳಿದ್ದವು. ಹುರುಳಿಕಾಯಿಯ ಮೇಲೆ ಏನೋ ಕೆಂಪಗೆ ಹುರಿದು ಉದುರಿಸಿತ್ತು. ಮಗಳು ಯಾವುದರಲ್ಲಿ ಏನಿದೆ ಎಂದು ಕೇಳಲಿಲ್ಲ. ನಮ್ಮ ಮಾತು ಅವಳ ಬಾಯಿಯನ್ನು ಕಟ್ಟಿತ್ತು. ಬರಿಯ ಬ್ರೆಡ್ಡು, ಒಂದಿಷ್ಟು ಹಣ್ಣು ತಟ್ಟೆಗೆ ಹಾಕಿಕೊಂಡು "ಹಸಿವಿಲ್ಲ" ಎಂದಳು. ಅಜ್ಜಿ ಎರಡು ಬಾರಿ ಬಡಿಸಲು ಬಂದು ಎರಡು ಬಾರಿಯೂ ಹಿಂದಿರುಗಿದರು.

ಅಷ್ಟರಲ್ಲಿ ಅಸರ್ ವೇಳೆಯಾಯಿತು. ನವೆಂಬರ್ ಕೊನೆಯಲ್ಲಿ ಅಯೋವಾದಲ್ಲಿ ಸೂರ್ಯ ಸಂಜೆ ಐದಕ್ಕೂ ಮೊದಲೇ, ನಾಲ್ಕೂ ಮುಕ್ಕಾಲರೊಳಗೆ ಮುಳುಗುತ್ತಾನೆ. ಹನಫಿ ಲೆಕ್ಕದಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗೆ ಎರಡು ಗಂಟೆಯೂ ಸಿಗುವುದಿಲ್ಲ. ಊಟ ಮುಗಿಯುವುದನ್ನು ಕಾದರೆ ನಮಾಝ್ ತಪ್ಪುತ್ತದೆ. ಅವಳು ಯಾರಿಗೂ ಹೇಳದೆ ಎದ್ದು ಮಹಡಿಯ ಕೋಣೆಗೆ ಹೋದಳು. ಕೆಳಗೆ ಪೈ ಹಂಚುವಾಗ ಅವಳು ಕಾಣಲಿಲ್ಲ. ಮನೆಯವರು ಹೆಸರು ಹಿಡಿದು ಕೂಗಿದರು. ಒಬ್ಬರು ಕೊಟ್ಟಿಗೆಯ ಕಡೆ ನೋಡಲು ಹೋದರು. ನಮಾಝಿನಲ್ಲಿದ್ದ ಅವಳು ಉತ್ತರ ಕೊಡಲಾಗಲಿಲ್ಲ. ಕೊನೆಗೆ ಆ ಮನೆಯ ತಾಯಿ ಬಾಗಿಲು ತೆರೆದು ನೋಡಿ, ಸದ್ದಿಲ್ಲದೆ ಮುಚ್ಚಿ ಹೋದರು. ಕೆಳಗೆ ಬಂದಾಗ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಅಜ್ಜಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಇವಳ ಕಡೆ ತಿರುಗಿ ನೋಡಲಿಲ್ಲ.

ಆ ರಾತ್ರಿ ಒಂಬತ್ತಕ್ಕೆ ಅವಳು ಫೋನ್ ಮಾಡಿದಳು. ನಮಗೆ ಆಗ ಶುಕ್ರವಾರ ಬೆಳಿಗ್ಗೆ ಎಂಟೂವರೆ. ಅಳುತ್ತಿದ್ದಳು. "ಅಮ್ಮಿ, ನೀವು ಹೇಳಿದ ಹಾಗೆ ಏನೂ ಹೇಳಲಿಲ್ಲ. ಆದರೂ ಅವರಿಗೆ ಬೇಸರವಾಯಿತು. ಅವರ ಅಡುಗೆ ನನಗೆ ಅಸಹ್ಯ ಅಂದುಕೊಂಡರು" ಎಂದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಪಕ್ಕದಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ದಾದಿ ಫೋನ್ ತೆಗೆದುಕೊಂಡರು. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಮೊಟ್ಟೆಯನ್ನೂ ಮುಟ್ಟದವರು. ಪ್ರತಿ ಈದ್‌ಗೆ ನಾಲ್ಕು ದಿನ ಮೊದಲೇ ಗೇಟಿನ ಬಳಿ ನಿಂತು, "ಅಮ್ಮಾ, ನನಗೆ ಶೀರ್ ಖುರ್ಮಾ ಮಾತ್ರ. ಹೊಸ ಪಾತ್ರೆಯಲ್ಲಿ ಮಾಡಿ" ಎಂದು ಹೇಳಿ ಹೋಗುತ್ತಾರೆ. ಅವರಿಗೆಂದೇ ಒಂದು ಸ್ಟೀಲ್ ಪಾತ್ರೆ ನಮ್ಮ ಕಪಾಟಿನಲ್ಲಿದೆ. ದಾದಿ ಮೊಮ್ಮಗಳಿಗೆ ಕೇಳಿದ್ದು ಇಷ್ಟೇ. "ಮೇಷ್ಟ್ರು ಹಾಗೆ ಹೇಳಿದಾಗ ನಮಗೆ ಎಂದಾದರೂ ಬೇಸರವಾಗಿದೆಯೇನೇ? ಅವರು ಬಂದು, ಹೇಳದೆ, ಮುಖ ತಿರುಗಿಸಿ ಕೂತಿದ್ದರೆ ಬೇಸರವಾಗುತ್ತಿತ್ತು. ಬೆಳಿಗ್ಗೆ ಎದ್ದು ಆ ಅಜ್ಜಿಯ ಹತ್ತಿರ ಹೋಗು. ಎಲ್ಲವನ್ನೂ ಹೇಳು."

ಅವಳನ್ನು ಕಳುಹಿಸಲು ಒಪ್ಪದಿದ್ದ ದಾದಿಯೇ ಅಂದು ಸರಿಯಾದ ದಾರಿ ತೋರಿಸಿದರು.

ಸುನ್ನತ್ ಏನು ಕಲಿಸುತ್ತದೆ?

ಅಂದು ಜುಮಾ ಮುಗಿದ ಮೇಲೆ ಇಮಾಮರಿಗೆ ನಡೆದದ್ದನ್ನು ಹೇಳಿದೆವು. ಅವರು ಎರಡು ಘಟನೆಗಳನ್ನು ನೆನಪಿಸಿದರು. ಎರಡೂ ನಮಗೆ ಗೊತ್ತಿದ್ದವೇ. ಆದರೆ ಅತಿಥಿಯ ಕಣ್ಣಿನಿಂದ ನಾವು ಅವನ್ನು ನೋಡಿರಲಿಲ್ಲ.

ಮೊದಲನೆಯದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮೈಮೂನಾರ(ರ) ಮನೆಯಲ್ಲಿ ಪ್ರವಾದಿವರ್ಯರ(ಸ) ಮುಂದೆ ಹುರಿದ ಮಾಂಸ ಇಡಲಾಯಿತು. ಖಾಲಿದ್ ಬಿನ್ ವಲೀದ್(ರ) ಜೊತೆಯಲ್ಲಿದ್ದರು. ಪ್ರವಾದಿವರ್ಯರು(ಸ) ಕೈ ಚಾಚಿದಾಗ, ಅದು ಏನೆಂದು ಅವರಿಗೆ ತಿಳಿಸಿರಿ ಎಂದು ಅಲ್ಲಿದ್ದ ಮಹಿಳೆಯರಲ್ಲಿ ಒಬ್ಬರು ಹೇಳಿದರು. ಅದು ಮರುಭೂಮಿಯ ಉಡದಂಥ ಪ್ರಾಣಿಯ ಮಾಂಸವಾಗಿತ್ತು. ಅವರು ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್(ರ) ಕೇಳಿದಾಗ, ಹರಾಮ್ ಅಲ್ಲ, ತಮ್ಮ ಜನರ ಊರಿನಲ್ಲಿ ಇದು ಇಲ್ಲದ್ದರಿಂದ ಮನಸ್ಸಿಗೆ ಒಗ್ಗುವುದಿಲ್ಲ ಎಂದು ವಿವರಿಸಿದರು. ಖಾಲಿದ್(ರ) ಅವರ ಎದುರಿನಲ್ಲೇ ಅದನ್ನು ತಿಂದರು.

ಇಲ್ಲಿ ಬಡಿಸಿದವರ ಕಡೆಯವರು ಅದು ಏನೆಂದು ಮುಂಚೆಯೇ ಹೇಳಿದರು. ಬೇಡವೆಂದವರು ಕಾರಣ ಹೇಳಿದರು. ಅಡುಗೆಯನ್ನು ಹಳಿಯಲಿಲ್ಲ, ತಿಂದವರನ್ನು ತಡೆಯಲಿಲ್ಲ. ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ದೂಷಿಸಿದವರಲ್ಲ; ಇಷ್ಟವಿದ್ದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂಬ ವರದಿಯೂ ಇದೆ. ನಾವು ಮಗಳಿಗೆ ಈ ಎರಡನೆಯ ಅರ್ಧವನ್ನು ಮಾತ್ರ ಕಲಿಸಿದ್ದೆವು. ಕಾರಣ ಹೇಳುವುದನ್ನು ಕಲಿಸಿರಲಿಲ್ಲ.

ಎರಡನೆಯದು ಅಬಿಸೀನಿಯದ ಹಿಜ್ರಾ. ಸುಮಾರು ಕ್ರಿ.ಶ. 615ರಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಕ್ರೈಸ್ತ ದೊರೆ ನಜಾಶಿಯ ನಾಡಿಗೆ ಹೋಯಿತು. ಅವರಲ್ಲಿ ತರುಣಿಯಾಗಿದ್ದ ಉಮ್ಮು ಸಲಮಾ(ರ) ಇದ್ದರು. ಅಲ್ಲಿ ತಮಗೆ ಸಿಕ್ಕ ಒಳ್ಳೆಯ ಆಶ್ರಯವನ್ನು ಅವರೇ ಮುಂದೆ ವರದಿ ಮಾಡಿದ್ದಾರೆ. ಕುರೈಷರ ದೂತರು ಉಡುಗೊರೆಗಳೊಂದಿಗೆ ಬಂದು ಇವರನ್ನು ಒಪ್ಪಿಸಿರೆಂದು ಕೇಳಿದಾಗ, ದೊರೆ ಇವರನ್ನೇ ಕರೆಸಿ ವಿಚಾರಿಸಿದ. ಜಾಫರ್ ಬಿನ್ ಅಬೂತಾಲಿಬ್(ರ) ಎದ್ದು ನಿಂತು ತಾವು ಹೇಗಿದ್ದೆವು, ಏನನ್ನು ನಂಬಿದ್ದೇವೆ, ಏಕೆ ಬಂದಿದ್ದೇವೆ ಎಂಬುದನ್ನು ಮರೆಮಾಚದೆ, ಆದರೆ ವಿನಯದಿಂದ ಹೇಳಿದರು. ಸೂರಃ ಮರ್ಯಮ್‌ನ ಭಾಗವನ್ನು ಓದಿದರು. ದೊರೆ ಕಣ್ಣೀರಿಟ್ಟ. ಮರುದಿನ ಈಸಾರ(ಅ) ಬಗ್ಗೆ ಕೇಳಿದಾಗ, ಏನೇ ಬರಲಿ ಸತ್ಯವನ್ನೇ ಹೇಳೋಣ ಎಂದು ಅವರು ತೀರ್ಮಾನಿಸಿ ಹಾಗೆಯೇ ಹೇಳಿದರು. ಜಾಫರ್(ರ) ಹಿಜರಿ 7ರವರೆಗೆ ಆ ನಾಡಿನಲ್ಲೇ ಇದ್ದರು. ನಜಾಶಿ ತೀರಿಕೊಂಡಾಗ ಪ್ರವಾದಿವರ್ಯರು(ಸ) ಮದೀನಾದಲ್ಲಿ ಆತನಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು.

ಆಶ್ರಯ ಬೇಡಿ ಹೋದವರು, ಕೈಯಲ್ಲಿ ಏನೂ ಇಲ್ಲದವರು, ಆದರೂ ಮುಚ್ಚಿಡಲಿಲ್ಲ. ಹಾಗೆಂದು ಆ ನಾಡಿನವರನ್ನು ನಿಂದಿಸಲೂ ಇಲ್ಲ. ನಮ್ಮ ಮಗಳಿಗೆ ಬೇಕಾಗಿದ್ದ ಮಾದರಿ ಇದೇ ಆಗಿತ್ತು.

ಶುಕ್ರವಾರ ಬೆಳಿಗ್ಗೆ

ಅವಳು ಬೆಳಿಗ್ಗೆ ಅಡುಗೆಮನೆಗೆ ಹೋಗಿ ಅಜ್ಜಿಗೆ ಎಲ್ಲವನ್ನೂ ಹೇಳಿದಳು. ನಮ್ಮಲ್ಲಿ ಹಂದಿ ಮಾತ್ರವಲ್ಲ, ಅಲ್ಲಾಹನ ಹೆಸರಿನಲ್ಲಿ ದಿಬಹ್ ಮಾಡದ ಮಾಂಸವನ್ನೂ ನಮ್ಮ ಮನೆಯವರು ತಿನ್ನುವುದಿಲ್ಲ ಎಂದಳು. ದಿನಕ್ಕೆ ಐದು ಬಾರಿ ನಮಾಝ್ ಇದೆ, ಚಳಿಗಾಲದಲ್ಲಿ ಒಂದು ನಿಮ್ಮ ಊಟದ ಹೊತ್ತಿಗೇ ಬರುತ್ತದೆ, ನಡುವೆ ಯಾರು ಕರೆದರೂ ಮಾತಾಡಲಾಗದು ಎಂದಳು. ಮೇಷ್ಟ್ರ ಸ್ಟೀಲ್ ಪಾತ್ರೆಯ ಕತೆಯನ್ನೂ ಹೇಳಿದಳು. ಅಜ್ಜಿ ಬಹಳ ಹೊತ್ತು ಕೇಳಿ, "ನಿನ್ನೆಯೇ ಹೇಳಿದ್ದರೆ ನಿನಗಾಗಿ ಒಂದು ಬಾಣಲೆ ಬೇರೆ ಇಡುತ್ತಿದ್ದೆನಲ್ಲ ಮಗಳೇ" ಎಂದರಂತೆ. ಮತ್ತೆ ಕನ್ನಡಕ ಹಾಕಿಕೊಂಡು ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದಿದರು.

ಆ ಓದಿನಿಂದ ನಮಗೂ ಒಂದು ಪಟ್ಟಿ ಸಿಕ್ಕಿತು. ಅಲ್ಲಿನ ಹಬ್ಬದ ಊಟದಲ್ಲಿ ಮಾಂಸವನ್ನು ಬಿಟ್ಟರೂ ಸಾಲದು. ಸ್ಟಫಿಂಗ್‌ನಲ್ಲಿ ಹಂದಿ ಸಾಸೇಜ್ ಇರಬಹುದು. ಗ್ರೇವಿಯನ್ನು ಟರ್ಕಿಯಿಂದ ಇಳಿದ ರಸದಿಂದಲೇ ಮಾಡುತ್ತಾರೆ. ಹುರುಳಿಕಾಯಿಗೆ ಬೇಕನ್, ಅಂದರೆ ಹಂದಿ ಮಾಂಸದ ತೆಳು ಪಟ್ಟಿಗಳನ್ನು ಸೇರಿಸುವುದುಂಟು. ಸಿಹಿ ಗೆಣಸಿನ ಮೇಲೆ ಹಾಕುವ ಮಾರ್ಷ್‌ಮ್ಯಾಲೊ ಮತ್ತು ಬಣ್ಣದ ಜೆಲ್ಲಿಗಳಲ್ಲಿ ಜೆಲಟಿನ್ ಇರುತ್ತದೆ. ಅದು ಹಲವು ಬಾರಿ ಹಂದಿಯದೇ. ಕೆಲವು ಮನೆಗಳಲ್ಲಿ ಪೈಯ ಹೊರಕವಚಕ್ಕೆ ಹಂದಿ ಕೊಬ್ಬು ಬಳಸುತ್ತಾರೆ. ಕೆಲವು ಸಾಸ್‌ಗಳಿಗೆ ವೈನ್ ಹಾಕುತ್ತಾರೆ. ಅರೆದ ಆಲೂಗಡ್ಡೆ, ಬೇಯಿಸಿದ ಜೋಳ, ಕ್ರ್ಯಾನ್‌ಬೆರಿ ಸಾಸ್, ಹಣ್ಣು, ಬ್ರೆಡ್ ಸಾಮಾನ್ಯವಾಗಿ ತೊಂದರೆಯಿಲ್ಲದವು. ಆದರೂ ಕೇಳಿಯೇ ತಿನ್ನಬೇಕು.

ಅಹ್ಲೆ ಕಿತಾಬ್‌ರ ಆಹಾರದ ಕುರಿತು ಸೂರಃ ಅಲ್ ಮಾಇದಾದಲ್ಲಿರುವ ಅನುಮತಿಯನ್ನು ಆಧರಿಸಿ ಅಲ್ಲಿನ ಅಂಗಡಿಯ ಮಾಂಸವನ್ನು ತಿನ್ನಬಹುದೆನ್ನುವ ವಿದ್ವಾಂಸರಿದ್ದಾರೆ. ದಿಬಹ್‌ನ ನಿಯಮಗಳು ಪಾಲನೆಯಾಗದಿದ್ದರೆ ಬೇಡವೆನ್ನುವವರೂ ಇದ್ದಾರೆ. ನಮ್ಮ ಮನೆಯವರು ಎರಡನೆಯದನ್ನು ಅನುಸರಿಸುತ್ತೇವೆ. ಮಗು ಯಾವುದನ್ನು ಅನುಸರಿಸಬೇಕೆಂದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಊಟದ ಮೇಜಿನ ಮುಂದೆ ಕೂತು ಹದಿನಾರು ವರ್ಷದ ಮಗು ಫತ್ವಾ ಹುಡುಕುವ ಸ್ಥಿತಿ ಬರಬಾರದು.

ಕಿಬ್ಲಾದ ವಿಷಯವೂ ಹಾಗೆಯೇ. ನಾವು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ನಿಲ್ಲುತ್ತೇವೆ. ಅಯೋವಾದಿಂದ ಕಿಬ್ಲಾ ಈಶಾನ್ಯಕ್ಕೆ. ನಕ್ಷೆಯಲ್ಲಿ ಮಕ್ಕಾ ಆಗ್ನೇಯದಲ್ಲಿ ಕಾಣುತ್ತದಲ್ಲ ಎಂದು ನಾವೂ ಗೊಂದಲಪಟ್ಟಿದ್ದೆವು. ಶಾಲೆಯ ಗ್ಲೋಬ್ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿದರೆ ತಿಳಿಯುತ್ತದೆ. ಹತ್ತಿರದ ದಾರಿ ಉತ್ತರದ ಕಡೆ ಬಾಗಿ ಹೋಗುತ್ತದೆ.

ರಜೆಯಲ್ಲಿ ಸಿಕ್ಕ ಜುಮಾ

ಆ ದಿನ ಇನ್ನೊಂದು ಒಳಿತು ಕಾದಿತ್ತು. ಬೇರೆ ಶುಕ್ರವಾರಗಳಲ್ಲಿ ಶಾಲೆ ಇರುವುದರಿಂದ ಅವಳು ಮೂರು ತಿಂಗಳಲ್ಲಿ ಒಮ್ಮೆಯೂ ಜುಮಾಗೆ ಹೋಗಿರಲಿಲ್ಲ. ಹೆಣ್ಣುಮಕ್ಕಳಿಗೆ ಅದು ಕಡ್ಡಾಯವಲ್ಲವಾದರೂ ಖುತ್ಬಾ ಕೇಳುವ ಆಸೆಯಿತ್ತು. ಬೆಳಗಿನ ಮಾತುಕತೆಯಲ್ಲಿ ಅದೂ ಹೊರಬಂತು. ಮಧ್ಯಾಹ್ನದೊಳಗೆ ಆ ಮನೆಯ ತಾಯಿ ಕಾರಿನಲ್ಲಿ ಅವಳನ್ನು ಸೀಡರ್ ರಾಪಿಡ್ಸ್‌ಗೆ ಕರೆದುಕೊಂಡು ಹೋಗಿ ಅಲ್ಲಿನ ಇಸ್ಲಾಮಿಕ್ ಸೆಂಟರ್ ಮುಂದೆ ಇಳಿಸಿದರು. ಕೇಳಿದ ಮೂರು ಗಂಟೆಯಲ್ಲಿ ಆದ ಕೆಲಸ. ಕೇಳದೆ ಮೂರು ತಿಂಗಳು ಕಳೆದಿತ್ತು.

ಆ ನಗರದಲ್ಲೇ 'ಮದರ್ ಮಾಸ್ಕ್ ಆಫ್ ಅಮೆರಿಕ' ಎಂದು ಕರೆಯುವ ಪುಟ್ಟ ಮಸೀದಿ ಇದೆ. ಇಂದಿನ ಲೆಬನಾನ್ ಮತ್ತು ಸಿರಿಯಾ ಪ್ರದೇಶದಿಂದ ಬಂದು, ಊರೂರು ತಿರುಗಿ ಸಾಮಾನು ಮಾರಿ, ದಿನಸಿ ಅಂಗಡಿ ಇಟ್ಟು ಬದುಕಿದ ಕುಟುಂಬಗಳು ಅದನ್ನು ಕಟ್ಟಿದವು. ಅದು ಪೂರ್ಣಗೊಂಡದ್ದು 1934ರಲ್ಲಿ, ಅಮೆರಿಕದಲ್ಲಿ ಜನ ಕೆಲಸವಿಲ್ಲದೆ ಬಳಲುತ್ತಿದ್ದ ಕಾಲದಲ್ಲಿ. ಮಸೀದಿಗೆಂದೇ ಕಟ್ಟಿ ಇಂದಿಗೂ ಉಳಿದಿರುವ ಆ ದೇಶದ ಅತ್ಯಂತ ಹಳೆಯ ಕಟ್ಟಡಗಳಲ್ಲಿ ಅದೂ ಒಂದು. ಮುಂದೆ ಸಮುದಾಯ ಬೆಳೆದು ದೊಡ್ಡ ಮಸೀದಿ ಕಟ್ಟಿದಾಗ ಇದು ಬೇರೆಯವರ ಕೈಗೆ ಹೋಗಿ ಹಾಳಾಗಿತ್ತು. 1990ರ ದಶಕದಲ್ಲಿ ಮುಸ್ಲಿಮರು ಮತ್ತೆ ಅದನ್ನು ಪಡೆದು ದುರಸ್ತಿ ಮಾಡಿದರು. ತಾನು ಹುಟ್ಟಿ ಬೆಳೆದ ನಗರದಲ್ಲೇ ಇಂಥದ್ದಿದೆ ಎಂದು ಆ ಮನೆಯ ತಾಯಿಗೆ ಅಂದೇ ಗೊತ್ತಾಯಿತಂತೆ. ನಮ್ಮ ಮಗಳಿಗೂ ತಾನು ಆ ನೆಲಕ್ಕೆ ಬಂದ ಮೊದಲ ಮುಸ್ಲಿಮಳಲ್ಲ ಎಂಬ ಧೈರ್ಯ ಬಂತು.

ಕ್ರಿಸ್‌ಮಸ್ ರಜೆ: ಮೊದಲೇ ಹೇಳಿದ್ದರ ಫಲ

ಡಿಸೆಂಬರ್ ಬಂದಾಗ ಪ್ರಶ್ನೆ ಇನ್ನೂ ಸೂಕ್ಷ್ಮವಾಯಿತು. ಥ್ಯಾಂಕ್ಸ್‌ಗಿವಿಂಗ್ ಬಗ್ಗೆಯೂ ಉಲಮಾಗಳಲ್ಲಿ ಎರಡು ಅಭಿಪ್ರಾಯವಿದೆ. ಆದರೆ ಕ್ರಿಸ್‌ಮಸ್ ಸ್ಪಷ್ಟವಾಗಿ ಧಾರ್ಮಿಕ ಹಬ್ಬ. ಮನೆಯವರ ಜೊತೆ ಒಂದೇ ಸೂರಿನಡಿ ಇರುವುದು, ಅಡುಗೆಗೆ ಕೈಜೋಡಿಸುವುದು, ಮಕ್ಕಳ ಜೊತೆ ಹಿಮದಲ್ಲಿ ಆಡುವುದು ಒಂದು. ಅವರ ಆರಾಧನೆಯಲ್ಲಿ ಭಾಗಿಯಾಗುವುದು ಇನ್ನೊಂದು. ಈ ಗೆರೆ ಎಲ್ಲಿದೆ ಎಂದು ನಾವು ಇಮಾಮರೊಂದಿಗೆ ಕೂತು ಬರೆದುಕೊಂಡು ಮಗಳಿಗೆ ಕಳುಹಿಸಿದೆವು. ಅವಳು ಎರಡು ವಾರ ಮೊದಲೇ ಆ ತಾಯಿಯೊಂದಿಗೆ ಮಾತಾಡಿದಳು. ಡಿಸೆಂಬರ್ 24ರ ರಾತ್ರಿಯ ಚರ್ಚಿನ ಪ್ರಾರ್ಥನೆಗೆ ತಾನು ಬರುವುದಿಲ್ಲ, ಮನೆಯಲ್ಲಿರುತ್ತೇನೆ ಎಂದಳು. ಊಟಕ್ಕೆ ಮೊದಲು ಎಲ್ಲರೂ ಕೈ ಹಿಡಿದು ಪ್ರಾರ್ಥಿಸುವಾಗ ತಾನು ಪರಪುರುಷರ ಕೈ ಹಿಡಿಯಲಾರೆ, ಆ ತಾಯಿ ಮತ್ತು ಅವರ ಮಗಳ ನಡುವೆ ಕೂತು ಮನಸ್ಸಿನಲ್ಲಿ ಬಿಸ್ಮಿಲ್ಲಾ ಹೇಳಿಕೊಳ್ಳುತ್ತೇನೆ ಎಂದಳು. ಅವರು ಒಪ್ಪಿದರು. ಅತಿಥಿ ಮಗುವನ್ನು ಆರಾಧನೆಗೆ ಬಲವಂತ ಮಾಡುವುದು ಸರಿಯಲ್ಲ ಎಂದು ಅವರಿಗೂ ತಿಳಿದಿತ್ತು. ಒಂದು ವೇಳೆ ಯಾರಾದರೂ ಬಲವಂತ ಮಾಡಿದರೆ ಸ್ಥಳೀಯ ಪ್ರತಿನಿಧಿಗೆ ತಕ್ಷಣ ತಿಳಿಸಬೇಕೆಂದು ಪ್ರತಿ ಮಗುವಿಗೂ ಹೇಳಿಕೊಟ್ಟಿರಬೇಕು.

ಎರಡನೇ ಬಾರಿ ಅಜ್ಜಿಯ ಮನೆಗೆ ಹೋದಾಗ ಮೇಜಿನ ಮೇಲೆ ಪ್ರತಿ ಪಾತ್ರೆಯ ಪಕ್ಕ ಒಂದು ಚೀಟಿ ಇತ್ತು. ಅದರಲ್ಲಿ ಅಜ್ಜಿಯ ಕೈಬರಹದಲ್ಲಿ, ಒಳಗೆ ಏನೇನು ಹಾಕಿದೆ ಎಂದು ಬರೆದಿತ್ತು. ಮಹಡಿಯ ಕೋಣೆಯಲ್ಲಿ ಒಗೆದ ಬಿಳಿ ಹೊದಿಕೆಯೊಂದನ್ನು ಮಡಚಿಟ್ಟಿದ್ದರು. ಮಗಳು ಆ ಚೀಟಿಗಳಲ್ಲಿ ಒಂದನ್ನು ಮನೆಗೆ ತಂದಿದ್ದಾಳೆ. ದಾದಿ ಅದನ್ನು ಮೇಷ್ಟ್ರ ಸ್ಟೀಲ್ ಪಾತ್ರೆಯೊಳಗೆ ಇಟ್ಟಿದ್ದಾರೆ.

ಹೆತ್ತವರಿಗೆ ನಾಲ್ಕು ಮಾತು

ಮಕ್ಕಳನ್ನು ಹೀಗೆ ಕಳುಹಿಸಲು ಯೋಚಿಸುತ್ತಿರುವವರು ಮೊದಲು ಆ ವರ್ಷ ಯೋಜನೆ ನಡೆಯುತ್ತಿದೆಯೇ, ಆಯ್ಕೆ ಯಾರ ಮೂಲಕ ಎಂದು ನೇರವಾಗಿ ವಿಚಾರಿಸಿಕೊಳ್ಳಿ. ದಲ್ಲಾಳಿಗಳಿಗೆ ಹಣ ಕೊಡಬೇಡಿ. ಇಲ್ಲಿನ ಓದಿನಲ್ಲಿ ಒಂದು ವರ್ಷ ಹಿಂದೆ ಬೀಳಬಹುದು. ನಮ್ಮ ಮಗಳು ಹಿಂದಿರುಗಿದ ನಂತರವೇ ಪಿಯುಸಿಗೆ ಸೇರಿದಳು.

ಮನೆ ನಿಗದಿಯಾದ ವಾರದಲ್ಲೇ ಆ ಕುಟುಂಬಕ್ಕೆ ಒಂದು ಪತ್ರ ಬರೆಯಿರಿ. ಏನು ತಿನ್ನುತ್ತೇವೆ, ಏನು ತಿನ್ನುವುದಿಲ್ಲ, ನಮಾಝ್ ಯಾವಾಗ, ರಮಝಾನ್ ಯಾವಾಗ, ಉಡುಪು ಹೇಗೆ, ಸ್ಪರ್ಶದ ವಿಷಯದಲ್ಲಿ ನಮ್ಮ ಪದ್ಧತಿ ಏನು, ಎಲ್ಲವನ್ನೂ ಒಂದು ಪುಟದಲ್ಲಿ ತಿಳಿಸಿ. ಅದೇ ಪತ್ರದಲ್ಲಿ ಅವರ ಮನೆಯ ನಿಯಮ ಏನು ಎಂದೂ ಕೇಳಿ. ಹಬ್ಬಕ್ಕೆ ಬೇರೆ ಮನೆಗೆ ಹೋಗುವುದಿದ್ದರೆ ಆ ಮನೆಯವರಿಗೂ ಅದು ತಲುಪಲಿ. ನಮ್ಮ ವಿಷಯದಲ್ಲಿ ಎಡವಿದ್ದು ಅಲ್ಲೇ.

ಮಗುವಿಗೆ ಅತಿಥಿಯ ಕೆಲಸವನ್ನೂ ಕಲಿಸಿ. ತಟ್ಟೆ ತೊಳೆಯುವುದು, ಹಾಸಿಗೆ ಮಡಚುವುದು, ಒಂದು ದಿನ ತಾನೇ ಅಡುಗೆ ಮಾಡಿ ಬಡಿಸುವುದು. ಆತಿಥೇಯನನ್ನು ಕಷ್ಟಕ್ಕೆ ನೂಕುವಷ್ಟು ಭಾರವಾಗಬಾರದೆಂದು ಪ್ರವಾದಿವರ್ಯರು(ಸ) ಅತಿಥಿಗೆ ಎಚ್ಚರಿಸಿದ್ದಾರೆ. ಹತ್ತು ತಿಂಗಳ ಅತಿಥಿ ಮನೆಯ ಮಗುವಿನಂತೆ ದುಡಿದರೆ ಮಾತ್ರ ಭಾರವಾಗಲಾರ. ಉಣಿಸಿದವರಿಗೆ ಕೃತಜ್ಞತೆ ಹೇಳುವುದನ್ನೂ ಮರೆಯಬಾರದು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು.

ಕೊನೆಗೆ, "ಸುಮ್ಮನಿರು" ಎಂದು ಹೇಳಿ ಮಕ್ಕಳನ್ನು ಕಳುಹಿಸಬೇಡಿ. ವಿದೇಶಕ್ಕೇ ಆಗಬೇಕೆಂದಿಲ್ಲ. ಬೆಂಗಳೂರಿನ ಹಾಸ್ಟೆಲ್ಲಿಗೆ, ಮೈಸೂರಿನ ಬಾಡಿಗೆ ಕೋಣೆಗೆ, ಗೆಳೆಯನ ಮನೆಯ ಮದುವೆಗೆ ಹೋಗುವ ಮಗುವಿಗೂ ಇದೇ ಮಾತು. ನಾನು ಇಂಥವಳು, ನನಗೆ ಇದು ಬೇಕು, ಇದು ಬೇಡ ಎಂದು ಊಟಕ್ಕೆ ಕೂರುವ ಮೊದಲೇ, ನಗುಮುಖದಿಂದ ಹೇಳುವುದನ್ನು ಕಲಿಸಿ. ನಮ್ಮ ಮನೆಗೆ ಬರುವವರು ಹಾಗೆ ಹೇಳಿದಾಗ ಅವರಿಗೆಂದು ಒಂದು ಪಾತ್ರೆ ತೆಗೆದಿಡುವುದನ್ನೂ ಕಲಿಸಿ.

ನಮ್ಮ ಮಕ್ಕಳು ಎಲ್ಲಿದ್ದರೂ ಅವರ ಈಮಾನನ್ನು ಅಲ್ಲಾಹನು ಕಾಪಾಡಲಿ. ಅವರಿಗೆ ಉಣಿಸಿ, ಆಶ್ರಯ ನೀಡಿದವರಿಗೆ ಸನ್ಮಾರ್ಗವನ್ನೂ ಒಳಿತನ್ನೂ ಕರುಣಿಸಲಿ. ಆಮೀನ್.